ಪರೀಕ್ಷೆ, ಆಮೇಲೆ ಹಿಮಾಲಯ



ನನ್ನ ತಮ್ಮನ ಮಗಳು ಈ ಸಲ ಎಸ್ಸೆಸ್ಸೆಲ್ಸಿ. ಮೇ ತಿಂಗಳಲ್ಲಿ ಹಿಮಾಲಯ ಚಾರಣಕ್ಕೆ ಹೋಗುತ್ತೇನೆ ಅಂತಾಳೆ. ಮನೆಯಲ್ಲಿ ದಿನಾ ಜಗಳ: "ಮೊದಲು ಓದು, ಬೆಟ್ಟ ಎಲ್ಲೂ ಓಡಿಹೋಗಲ್ಲ." ನಾನು ಹುಡುಗಿಯ ಪಕ್ಷ. ಬೆಳಿಗ್ಗೆ ಚೀಲ ಹೊತ್ತು ಒಂದು ಗಂಟೆ ನಡೆದು ಬಂದು ಗಣಿತಕ್ಕೆ ಕೂರುತ್ತಾಳೆ, ತೂಕಡಿಕೆಯೇ ಇಲ್ಲ.

ಅವಳಿಗೂ ಒಂದು ಮಾತು ಹೇಳಿದ್ದೇನೆ. ನಮ್ಮ ಮಧುಗಿರಿ ಏಕಶಿಲಾ ಬೆಟ್ಟ ಹತ್ತಿದರೆ ಕಾಲು ಗಟ್ಟಿಯಾದೀತು. ಆದರೆ ಅದರ ತುದಿ ಸುಮಾರು 1,200 ಮೀಟರ್ ಅಷ್ಟೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಮೇಲೇರಿಸಬಾರದು. ಎಂಥ ಗಟ್ಟಿಗರಿಗೂ ಇದೇ ಲೆಕ್ಕ. ತಲೆನೋವು, ವಾಂತಿ ಬಂದರೆ ಅಲ್ಲೇ ನಿಲ್ಲಬೇಕು, ಹೆಚ್ಚಾದರೆ ಇಳಿಯಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಇಡೀ ಪುಸ್ತಕ ತಿರುವುವವರೇ, ಕೇಳಿಸಿತೇ?

ತಮ್ಮ ಇನ್ನೂ ಒಪ್ಪಿಲ್ಲ. ಅಗೋ, ಮೂರನೇ ಸಾಲಿನಲ್ಲಿ ಕೂತಿದ್ದಾನೆ. ದುಡ್ಡು ಕಟ್ಟಲು ಇನ್ನು ಹತ್ತೇ ದಿನ.