ಎರಡನೆಯ ಮಗುವಿನ ಪ್ರಶ್ನೆ



ಇಟಾಸ್ಕಾದ ಸುತ್ತಲ ಈ ನೆಲಕ್ಕೂ ಆನುವಂಶಿಕ ರಕ್ತರೋಗಗಳ ಚರಿತ್ರೆಗೂ ಹಳೆಯ ನಂಟು. 1910ರಲ್ಲಿ ಶಿಕಾಗೋದ ವೈದ್ಯ ಜೇಮ್ಸ್ ಹೆರಿಕ್, ಗ್ರೆನಡಾದಿಂದ ಬಂದಿದ್ದ ವಿದ್ಯಾರ್ಥಿಯೊಬ್ಬನ ರಕ್ತದಲ್ಲಿ ಕುಡುಗೋಲಿನಂತೆ ಬಾಗಿದ ಕಣಗಳಿರುವುದನ್ನು ವರದಿ ಮಾಡಿದರು. 1925ರಲ್ಲಿ ಡೆಟ್ರಾಯಿಟ್‌ನ ಮಕ್ಕಳ ವೈದ್ಯ ಥಾಮಸ್ ಕೂಲಿ, ಮುಂದೆ ಥಲಸೇಮಿಯಾ ಎಂದು ಹೆಸರಾದ ರೋಗವನ್ನು ವಿವರಿಸಿದರು. ಪಕ್ಕದ ಆನ್ ಆರ್ಬರ್‌ನ ಜೇಮ್ಸ್ ನೀಲ್ 1949ರಲ್ಲಿ, ಕುಡುಗೋಲು ಕಣ ರೋಗವುಳ್ಳ ಮಗುವಿನ ತಂದೆ ತಾಯಿ ಇಬ್ಬರೂ ವಾಹಕರೆಂದು ತೋರಿಸಿಕೊಟ್ಟರು. ‘ಇಬ್ಬರೂ’ ಎಂಬ ಆ ಒಂದು ಪದ ನಮ್ಮ ಮನೆಗಳಿಗೆ ಇನ್ನೂ ಪೂರ್ತಿ ಕೇಳಿಸಿದಂತಿಲ್ಲ. ಮಗುವಿನ ರೋಗ ಗೊತ್ತಾದೊಡನೆ ಬೆರಳು ತಿರುಗುವುದು ಸೊಸೆಯ ಕಡೆಗೇ.

ವಾಹಕರು ಆರೋಗ್ಯವಂತರು. ಥಲಸೇಮಿಯಾ ವಾಹಕತನವನ್ನು ಬರಿಯ ರಕ್ತಹೀನತೆಯೆಂದು ತಿಳಿದು ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದವರುಂಟು. ವಾಹಕ ದಂಪತಿಗೆ ಪ್ರತಿ ಬಸಿರಿನಲ್ಲೂ ರೋಗವುಳ್ಳ ಮಗು ಹುಟ್ಟುವ ಸಾಧ್ಯತೆ 4ರಲ್ಲಿ 1. ಇದನ್ನು ಕೇಳಿದ ಹಿರಿಯರು, ಒಂದು ಆಯಿತಲ್ಲ, ಇನ್ನು ಮೂರು ಕ್ಷೇಮ ಎಂದು ಲೆಕ್ಕ ಹಾಕುತ್ತಾರೆ. ಪಗಡೆಯ ದಾಳಕ್ಕೆ ಹಿಂದಿನ ಗರದ ನೆನಪಿರುವುದಿಲ್ಲ.

ಮೂರು ನಾಲ್ಕು ವಾರಕ್ಕೊಮ್ಮೆ ಮಗುವಿಗೆ ರಕ್ತ ಕೊಡಿಸುತ್ತ, ಮೈಯಲ್ಲಿ ಸೇರುವ ಕಬ್ಬಿಣವನ್ನು ಔಷಧದಿಂದ ಇಳಿಸುತ್ತ ಬಾಳುವ ಮನೆಯಲ್ಲಿ ಎರಡನೆಯ ಮಗುವಿನ ಪ್ರಶ್ನೆ ಏಳುತ್ತದೆ. ಕೆಲವರು ಸಾಕೆನ್ನುತ್ತಾರೆ, ಆ ಮಾತು ಮೊದಲ ಮಗುವಿನ ಕಿವಿಗೂ ಬೀಳುತ್ತದೆ. ಕೆಲವರು 10ನೆಯ ವಾರದ ನಂತರ ಗರ್ಭದ ಪರೀಕ್ಷೆ ಮಾಡಿಸುತ್ತಾರೆ. ಇನ್ನು ಕೆಲವರು, ಬಂದದ್ದು ಬರಲಿ ಎಂದು ತಿಳಿದೇ ಒಪ್ಪುತ್ತಾರೆ. ಇವರನ್ನು ಅವಿವೇಕಿಗಳೆನ್ನುವ ಅಧಿಕಾರ ಯಾರಿಗೂ ಇಲ್ಲ. ಅಸ್ಥಿಮಜ್ಜೆ ಕೊಡಬಲ್ಲ ಒಡಹುಟ್ಟು ಬೇಕೆಂಬ ಆಸೆಯೂ ಉಂಟು. ಆದರೆ ರೋಗವೂ ಇಲ್ಲದ, ಅಂಗಾಂಶವೂ ಹೊಂದುವ ಮಗು ತಾನಾಗಿ ಹುಟ್ಟುವ ಸಾಧ್ಯತೆ 16ರಲ್ಲಿ 3 ಮಾತ್ರ. 2000ದಲ್ಲಿ ಶಿಕಾಗೋದ ಯೂರಿ ವರ್ಲಿನ್‌ಸ್ಕಿಯವರ ಪ್ರಯೋಗಾಲಯ ಆರಿಸಿದ ಭ್ರೂಣದಿಂದ ಗಂಡುಮಗುವೊಂದು ಹುಟ್ಟಿತು. ಅದರ ಹೊಕ್ಕುಳಬಳ್ಳಿಯ ರಕ್ತ, ಫ್ಯಾಂಕೋನಿ ಅನೀಮಿಯಾದಿಂದ ನರಳುತ್ತಿದ್ದ ಅಕ್ಕನಿಗೆ ಸಂದಿತು. ಮಗುವನ್ನು ಮದ್ದಾಗಿಸಿದರೆಂದು ಆಕ್ಷೇಪ ಬಂತು. ಮುಪ್ಪಿಗೆ ಆಸರೆಯಾಗಲೆಂದೂ ಚಿತೆಗೆ ಕೊಳ್ಳಿ ಇಡಲೆಂದೂ ಮಗನನ್ನು ಹೆತ್ತವರನ್ನು ಯಾರೂ ಹೀಗೆ ಪ್ರಶ್ನಿಸಿದ್ದಿಲ್ಲ.

ಆಯ್ಕೆ ಯಾರದು ಎಂಬುದೇ ಮುಖ್ಯ. 1970ರ ದಶಕದ ಆರಂಭದಲ್ಲಿ ಅಮೆರಿಕದ ಹಲವು ರಾಜ್ಯಗಳು ಕುಡುಗೋಲು ಕಣದ ಪರೀಕ್ಷೆಯನ್ನು ಕಡ್ಡಾಯ ಮಾಡಿದವು. ಆರೋಗ್ಯವಂತರಾದ ಕಪ್ಪು ವಾಹಕರು ಕೆಲಸ, ವಿಮೆಗಳಲ್ಲಿ ತಾರತಮ್ಯ ಅನುಭವಿಸಿದರು. ಅದೇ ಕಾಲದಲ್ಲಿ ಡೆಟ್ರಾಯಿಟ್‌ನ ಕಪ್ಪು ವೈದ್ಯ ಚಾರ್ಲ್ಸ್ ವಿಟನ್, ಸಲಹೆಗಾರನ ಕೆಲಸ ತಿಳಿಸುವುದು, ತೀರ್ಮಾನ ದಂಪತಿಯದು ಎಂಬ ನಿಲುವಿನಿಂದ ಕೇಂದ್ರವೊಂದನ್ನು ಕಟ್ಟಿದರು.

ಭಾರತದಲ್ಲಿ ಈ ರಕ್ತಕಣ ಮೊದಲು ಗುರುತಿಸಲ್ಪಟ್ಟದ್ದು 1952ರಲ್ಲಿ, ಕರ್ನಾಟಕದ ಅಂಚಿನ ನೀಲಗಿರಿಯ ಬುಡಕಟ್ಟುಗಳಲ್ಲಿ. 2023ರ ಜುಲೈಯಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನ, ಆದಿವಾಸಿ ಪ್ರದೇಶಗಳ 7 ಕೋಟಿ ಜನರ ತಪಾಸಣೆಯ ಗುರಿ ಹೊತ್ತು ಕಾರ್ಡುಗಳನ್ನು ಹಂಚುತ್ತಿದೆ. ಆ ಕಾರ್ಡು ಮತ್ತೊಂದು ಜಾತಕವಾದರೆ ಮುರಿಯುವುದು ಹೆಣ್ಣಿನ ಮದುವೆಯೇ. ರಕ್ತರೋಗಕ್ಕಾಗಿ ಗರ್ಭಪರೀಕ್ಷೆಯನ್ನು 1994ರ ಕಾಯಿದೆ ಅನುಮತಿಸುತ್ತದೆ, ಸರಿ. ಆದರೆ ಹೆಗ್ಗಡದೇವನಕೋಟೆಯ ಹಾಡಿಯಿಂದ ಆ ಪರೀಕ್ಷೆಯಿರುವ ಊರಿಗೆ ಕೂಲಿ ಬಿಟ್ಟು ಹೋಗಿಬರುವ ಖರ್ಚು ಯಾರದು?

ಇಲ್ಲಿನವರೂ ನಿಶ್ಚಿಂತರಲ್ಲ. 2022ರ ಜೂನಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರವೂ ಇಲಿನಾಯ್‌ನಲ್ಲಿ ಗರ್ಭಪಾತದ ಹಕ್ಕು ಉಳಿದಿದೆ. ಮಿಶಿಗನ್‌ನ ಮತದಾರರು ಅದನ್ನು ಸಂವಿಧಾನಕ್ಕೇ ಸೇರಿಸಿದರು. ಇವೆರಡರ ನಡುವಿನ ಇಂಡಿಯಾನಾದಲ್ಲಿ, ಭ್ರೂಣದ ದೋಷ ಮಾರಣಾಂತಿಕವಾಗಿದ್ದರೆ ಮಾತ್ರ ಆ ಕಾರಣಕ್ಕೆ ವಿನಾಯಿತಿ. ಚಿಕಿತ್ಸೆಯಿಂದ ಬದುಕಬಹುದಾದ ಥಲಸೇಮಿಯಾ ಆ ಪಟ್ಟಿಯಲ್ಲಿ ಬರುವುದು ಕಷ್ಟ. ಅಲ್ಲಿ ವಾಸಿಸುವ ವಾಹಕ ದಂಪತಿ ಗರ್ಭ ಧರಿಸುವ ಮೊದಲೇ ಇದನ್ನು ತಿಳಿದಿರಬೇಕಾಗುತ್ತದೆ.

ಕಾನೂನಿನ ಅಡ್ಡಿಯಿಲ್ಲದ ಒಂದು ಕೆಲಸವೂ ಆಗದೆ ಉಳಿದಿದೆ. ವಾಹಕರ ಒಡಹುಟ್ಟಿದವರೂ ವಾಹಕರಾಗಿರಬಹುದು. ಊರಿನ ತಂಗಿ ತಮ್ಮಂದಿರಿಗೆ ತಿಳಿಸಿದರೆ ಸಾಮಾನ್ಯ ರಕ್ತಪರೀಕ್ಷೆಯಿಂದ ಅದು ಗೊತ್ತಾಗುತ್ತದೆ. ಮೊದಲು ತಂಗಿಯ ಮದುವೆ ಆಗಲಿ, ಆಮೇಲೆ ಹೇಳೋಣ ಎಂದು ಅನೇಕ ಮನೆಗಳಲ್ಲಿ ಆ ಫೋನು ಮುಂದಕ್ಕೆ ಹೋಗುತ್ತಲೇ ಇರುತ್ತದೆ.