ಬಿಸಿಗಾಳಿ ಹೋಗಲು ದಾರಿ ಬಿಡಿ



ಈ ಕೈತೋಟ ಪ್ರದರ್ಶನಕ್ಕೆ ಕರೆದು, ದೀಪ ಹಚ್ಚಿಸುವ ಬದಲು ಗಿಡಕ್ಕೆ ನೀರು ಹಾಕಿಸಿದಿರಿ, ಹಾರದ ಬದಲು ಕರಿಬೇವಿನ ಸಸಿ ಕೊಟ್ಟಿರಿ. ಎರಡಕ್ಕೂ ವಂದನೆ. ಪುಣೆಗೆ ಹೂವಿನ ಪ್ರದರ್ಶನವೇನೂ ಹೊಸದಲ್ಲ. ಎಂಪ್ರೆಸ್ ಗಾರ್ಡನ್ ನೋಡಿಕೊಳ್ಳುವ ಸಂಸ್ಥೆ ಹುಟ್ಟಿದ್ದೇ 1830ರಲ್ಲಿ. ಆ ಇತಿಹಾಸವನ್ನು ನನಗಿಂತ ಮೊದಲು ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ಒಳಗೆ ಬೋನ್ಸಾಯ್ ಇದೆ, ಆರ್ಕಿಡ್ ಇದೆ, ಗುಲಾಬಿಯಂತೂ ಸಾಲುಗಟ್ಟಿ ನಿಂತಿದೆ. ಅವನ್ನೆಲ್ಲ ವರ್ಣಿಸುವ ಯೋಗ್ಯತೆ ನನಗಿಲ್ಲ. ನೌಕರಿಯಲ್ಲಿ ಇರುವಷ್ಟು ದಿನ ತಳೇಗಾಂವ್, ಮಾವಳ ಕಡೆ ಪಾಲಿಹೌಸ್ ಕಟ್ಟಿಸುತ್ತಿದ್ದವನು ನಾನು. ಹಾಗಾಗಿ ಹಸಿರುಮನೆಯ ಮಾತು ಬಿಟ್ಟು ಬೇರೆ ಮಾತು ನನ್ನ ಬಾಯಲ್ಲಿ ಬರುವುದು ಕಷ್ಟ.

ಈಗಷ್ಟೇ ಮಳಿಗೆಗಳನ್ನು ಒಂದು ಸುತ್ತು ಹಾಕಿ ಬಂದೆ. ಒಂದು ಕಡೆ ಹಿತ್ತಿಲಲ್ಲಿ ಇಡಬಹುದಾದ ಪುಟ್ಟ ಹಸಿರುಮನೆ ನಿಲ್ಲಿಸಿದ್ದಾರೆ. ನೋಡಲು ಚೆಂದವಾಗಿದೆ. ಒಂದು ಬದಿಗೆ ಜಿಪ್ ಇರುವ ಬಾಗಿಲು, ಉಳಿದ ಮೂರು ಬದಿ ಮತ್ತು ಮಾಡು ಪಾರದರ್ಶಕ ಹಾಳೆಯಿಂದ ಪೂರ್ತಿ ಮುಚ್ಚಿವೆ. ಮಾರುವವರ ಹೊಟ್ಟೆಯ ಮೇಲೆ ಹೊಡೆಯುವುದು ಅತಿಥಿಯ ಕೆಲಸವಲ್ಲ, ನಿಜ. ಆದರೆ ಅದನ್ನು ಕೊಂಡುಹೋಗಿ ಏಪ್ರಿಲ್‌ನಲ್ಲಿ ಪುಣೆಯ ಹಿತ್ತಿಲಲ್ಲಿ ಇಡುವವರು ನನ್ನ ಮಾತು ಕೇಳಿಯೇ ಇಡಲಿ.

ಹಸಿರುಮನೆ ಒಳಗೆ ಯಾಕೆ ಬಿಸಿಯಾಗುತ್ತದೆ? ಗಾಜು ಬಿಸಿಲನ್ನು ಒಳಗೆ ಬಿಟ್ಟು ಶಾಖವನ್ನು ಹೊರಗೆ ಬಿಡುವುದಿಲ್ಲ ಎಂದು ಶಾಲೆಯಲ್ಲಿ ಓದಿದ್ದೇವೆ. ಅಮೆರಿಕದ ಆರ್. ಡಬ್ಲ್ಯು. ವುಡ್ ಎಂಬ ಭೌತವಿಜ್ಞಾನಿ 1909ರಲ್ಲಿ ಇದನ್ನು ಪರೀಕ್ಷಿಸಿದ. ಎರಡು ಕಪ್ಪು ಪೆಟ್ಟಿಗೆ ಮಾಡಿಸಿ ಒಂದಕ್ಕೆ ಗಾಜು ಮುಚ್ಚಿದ, ಇನ್ನೊಂದಕ್ಕೆ ಕಲ್ಲುಪ್ಪಿನ ಹಲಗೆ ಮುಚ್ಚಿದ. ಕಲ್ಲುಪ್ಪು ಶಾಖದ ಕಿರಣಗಳನ್ನು ಸಲೀಸಾಗಿ ಹೊರಗೆ ಬಿಡುತ್ತದೆ. ಆದರೂ ಎರಡೂ ಪೆಟ್ಟಿಗೆ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಕಾದವು. ಕಾದ ಗಾಳಿ ಮೇಲೇರಿ ಹೋಗದಂತೆ ತಡೆದದ್ದೇ ಮುಖ್ಯ ಕಾರಣ ಎಂದು ಅವನ ತೀರ್ಮಾನ. ಪಾಲಿಹೌಸ್ ಕಟ್ಟುವವನಿಗೆ ಇದಕ್ಕಿಂತ ಉಪಯುಕ್ತ ಪಾಠ ಇನ್ನೊಂದಿಲ್ಲ.

ಲೇಹ್‌ನಲ್ಲಿ ಚಳಿಗಾಲದಲ್ಲಿ ಸೊಪ್ಪು ಬೆಳೆಯಲು ನೆಲವನ್ನು ಎರಡು ಮೂರು ಅಡಿ ಅಗೆದು, ಮೇಲೆ ಪ್ಲಾಸ್ಟಿಕ್ ಹೊದಿಸುತ್ತಾರೆ. ಅಲ್ಲಿ ಸೊನ್ನೆಗಿಂತ ಕೆಳಗೆ ಇಪ್ಪತ್ತು ಡಿಗ್ರಿ ಚಳಿ. ಗಾಳಿ ಕೂಡಿಟ್ಟಷ್ಟೂ ಒಳ್ಳೆಯದು. ನಮ್ಮ ಮಕ್ಕಳು ಮಿನೆಸೋಟದಲ್ಲೋ ಕೆನಡಾದಲ್ಲೋ ಅಕ್ಟೋಬರ್ ಬಂತೆಂದರೆ ಕರಿಬೇವಿನ ಕುಂಡವನ್ನು ಮನೆಯೊಳಗೆ ಎತ್ತಿಡುವುದೂ ಅದಕ್ಕೇ. ಅವರ ಹಿತ್ತಿಲಿನ ಹಸಿರುಮನೆಯ ಫೋಟೋ ಇಲ್ಲಿನ ಅಪ್ಪ ಅಮ್ಮನ ಫೋನಿಗೆ ಬರುತ್ತದೆ, ಅಪ್ಪ ಅಮ್ಮ ಅಂಥದ್ದೇ ಬೇಕು ಅನ್ನುತ್ತಾರೆ. ಪುಣೆಯ ಕಠಿಣ ಹವೆ ಎಂದರೆ ಮಾರ್ಚ್‌ನಿಂದ ಜೂನ್‌ವರೆಗಿನ ಬಿಸಿಲು. ಇಲ್ಲಿ ಶಾಖ ಹೊರಗೆ ಹಾಕುವುದಕ್ಕೇ ದುಡ್ಡು ಖರ್ಚು ಮಾಡಬೇಕು.

ಸಿಂಹಗಡ ರಸ್ತೆಯ ಒಬ್ಬ ಪರಿಚಿತರ ಬಂಗಲೆಯಲ್ಲಿ ಹೀಗೇ ಒಂದು ಕಟ್ಟುವ ಕೆಲಸ ನಡೆದಿತ್ತು. ಪೈಪ್ ಬೆಸೆಯಲು ಬಂದವನು ನಮ್ಮ ಇಂಡಿ ತಾಲೂಕಿನ ಹುಡುಗ. ಯಜಮಾನರು ಮಗ ಕಳಿಸಿದ ನಕ್ಷೆ ತೋರಿಸಿದರು. ಅವನು ತಿರುಗಿಸಿ ಮುರುಗಿಸಿ ನೋಡಿ, ‘ಸಾಹೇಬ್ರ, ಮಂದಿ ಒಳಗ ಹೋಗಾಕ ಬಾಗಲಾ ಐತಿ. ಝಳಾ ಹೊರಗ ಹೋಗಾಕ ಎಲ್ಲೈತ್ರಿ?’ ಅಂದ. ಯಜಮಾನರು ನನ್ನ ಮುಖ ನೋಡಿದರು. ನಾನು ಅವನ ಪರ ನಿಂತೆ.

ಕನ್ನಡಿಗರಿಗೆ ಗೊತ್ತಿರುವ ಗಾಜಿನ ಮನೆ ಲಾಲ್‌ಬಾಗಿನದು. 1889ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿಯಲ್ಲಿ ಶುರುವಾದ ಕಟ್ಟಡ ಅದು. ಮುಂದಿನ ಸಲ ಹೋದಾಗ ಸುಮ್ಮನೆ ಸುತ್ತ ನೋಡಿ: ತಲೆಯ ಮೇಲೆ ಗಾಜು, ಸುತ್ತಲೂ ಬಯಲು. ಬೆಂಗಳೂರಿನಂಥ ತಂಪು ಊರಿನಲ್ಲೇ ಗೋಡೆ ಬೇಕಾಗಲಿಲ್ಲ.

ನಾನು ಹುಟ್ಟಿದ್ದು ಸವಣೂರಿನ ಕಡೆ. ಅಜ್ಜನದು ಎಲೆತೋಟ. ಮೇ ತಿಂಗಳ ಮಧ್ಯಾಹ್ನ ಹೊರಗೆ ಎರೆಭೂಮಿ ಬಿರುಕು ಬಿಟ್ಟಿರುತ್ತಿತ್ತು, ತೋಟದೊಳಗೆ ಕಾಲಿಟ್ಟರೆ ಮೈಮೇಲಿನ ಬೆವರು ತಣ್ಣಗಾಗುತ್ತಿತ್ತು. ಅಗಸೆ, ನುಗ್ಗೆ, ಹಾಲಿವಾಣ ಮರಗಳನ್ನು ಒತ್ತೊತ್ತಾಗಿ ಸಾಲು ಹಿಡಿದು ಬೆಳೆಸಿ, ಅವುಗಳ ಮೈಗೆ ಎಲೆಬಳ್ಳಿಯನ್ನು ಬಾಳೆನಾರಿನಿಂದ ಕಟ್ಟುತ್ತಿದ್ದರು. ಬೇಸಿಗೆಯಲ್ಲಿ ಅಗಸೆಯ ಒಂದು ಟೊಂಗೆಯನ್ನೂ ಮುಟ್ಟಲು ಬಿಡದ ಅಜ್ಜ, ಮುಂಗಾರಿನ ಮೋಡ ಕಂಡ ಕೂಡಲೇ ಕುಡುಗೋಲು ಹಿಡಿದು ಟೊಂಗೆ ಸವರುತ್ತಿದ್ದ. ಬಿಸಿಲಿದ್ದಾಗ ನೆರಳು, ಮೋಡವಿದ್ದಾಗ ಬೆಳಕು. ಆ ತೋಟದಲ್ಲಿ ದುಡಿದವರು ಸುಖವಾಗಿದ್ದರು ಎಂದು ಹೇಳಲಾರೆ. ವರ್ಷವರ್ಷ ಬಳ್ಳಿ ಇಳಿಸಿ ಮತ್ತೆ ಹಬ್ಬಿಸುವ ಕೆಲಸ ಸೊಂಟ ಮುರಿಯುವಂಥದ್ದು. ಆದರೆ ನಾನು ಮುಂದೆ ಧಾರವಾಡದ ಕೃಷಿ ಕಾಲೇಜಿನಲ್ಲಿ ನೆರಳಿನ ಬಗ್ಗೆ ಓದಿದ್ದೆಲ್ಲ ಅಜ್ಜನ ಕುಡುಗೋಲಿನಲ್ಲಿ ಇತ್ತು.

ಈಗ ನಾವು ಮಾಡುವುದೇನು? ಅಂಗಡಿಯಿಂದ ಹಸಿರು ಶೇಡ್‌ನೆಟ್ ತಂದು, ಜಿಗ್‌ಜ್ಯಾಗ್ ಸ್ಪ್ರಿಂಗ್ ಒತ್ತಿ, ವರ್ಷಪೂರ್ತಿ ಬಿಗಿದುಬಿಡುತ್ತೇವೆ. ಜುಲೈನಲ್ಲಿ ವಾರಗಟ್ಟಲೆ ಸೂರ್ಯ ಕಾಣದಿದ್ದಾಗಲೂ ಗಿಡದ ಮೇಲೆ ಅದೇ ನೆರಳು. ಟೊಮೆಟೊ ಕಡ್ಡಿಯಂತೆ ಉದ್ದ ಬೆಳೆದು ಬಾಗುತ್ತದೆ, ಬೂದಿ ರೋಗ ಹತ್ತುತ್ತದೆ, ಬೈಗುಳ ಬೀಜದ ಕಂಪನಿಗೆ. ನೆಟ್ಟನ್ನು ತಂತಿಯ ಮೇಲೆ ಸರಿಯುವ ಪರದೆಯ ಹಾಗೆ ಹಾಕಿಸಿ, ಸಾಕು. ತರಕಾರಿಗೆ ಶೇಕಡಾ 35ರಿಂದ 50ರಷ್ಟು ಬಿಸಿಲು ತಡೆಯುವ ನೆಟ್ ಧಾರಾಳವಾಯಿತು. 75ರದ್ದು ಕೇಳಿ ತರಬೇಡಿ. ಬಿಳಿಯದು ಸಿಕ್ಕರೆ ಹಸಿರಿಗಿಂತ ಒಳ್ಳೆಯದು.

ಹತ್ತು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಹಸಿರುಮನೆ ಕಟ್ಟುತ್ತೀರಿ ಎನ್ನಿ. ನೆಲ 200 ಚದರ ಅಡಿ. ಮಾಡಿನಲ್ಲಿ ಕನಿಷ್ಠ 40 ಚದರ ಅಡಿಯಾದರೂ ತೆರೆದ ಕಿಂಡಿ ಇರಲಿ, ಬದಿಗಳ ಪರದೆಯನ್ನು ಕೈಯಿಂದ ಸುತ್ತಿ ಮೇಲೆತ್ತುವಂತಿರಲಿ. ಎತ್ತರದಲ್ಲಿ ಜಿಪುಣತನ ಬೇಡ. ನೆತ್ತಿ ಹನ್ನೆರಡು ಅಡಿ ಇದ್ದರೆ ಕಾದ ಗಾಳಿ ಗಿಡದ ತಲೆ ಬಿಟ್ಟು ಮೇಲೆ ನಿಲ್ಲುತ್ತದೆ. ಮಳೆಗಾಳಿ ಇಲ್ಲಿ ಪಶ್ಚಿಮದಿಂದ ಬೀಸುತ್ತದೆ, ಮಾಡಿನ ಕಿಂಡಿಯ ಬಾಯಿ ಪೂರ್ವಕ್ಕೆ ಇರಲಿ. ಒಳಗೆ 35 ಡಿಗ್ರಿ ದಾಟಿದರೆ ಟೊಮೆಟೊ ಹೂವು ಕಾಯಿ ಕಟ್ಟದೆ ಉದುರುತ್ತದೆ. ಮಂಜಿನಂತೆ ನೀರು ಚಿಮ್ಮಿಸುವ ಫಾಗರ್ ಹಾಕಿಸಿದರೆ ಆಗುವುದಿಲ್ಲವೇ ಎಂದು ಕೇಳುತ್ತೀರಿ. ಏಪ್ರಿಲ್‌ನ ಒಣಹವೆಯಲ್ಲಿ ಆಗುತ್ತದೆ. ಮಳೆಗಾಲದಲ್ಲಿ ಗಾಳಿಯೇ ತೊಯ್ದಿರುವಾಗ ಅದು ರೋಗಕ್ಕೆ ನೀರುಣಿಸುತ್ತದೆ, ಅಷ್ಟೆ.

ಚಳಿಗಾಲದ ಬಗ್ಗೆ ಒಂದೇ ಮಾತು, ಅದೂ ಪುಣೆಯ ಹೆಮ್ಮೆಗಾಗಿ. ಇಲ್ಲಿನ ಹವಾಮಾನ ಇಲಾಖೆಯಲ್ಲಿ 1932ರಲ್ಲಿ ಕೃಷಿ ಹವಾಮಾನ ವಿಭಾಗ ಕಟ್ಟಿದವರು ಎಲ್. ಎ. ರಾಮದಾಸ್. ಗಾಳಿಯಿಲ್ಲದ ಶುಭ್ರ ರಾತ್ರಿಯಲ್ಲಿ ಅತಿ ಹೆಚ್ಚು ತಣ್ಣಗಿರುವುದು ನೆಲವಲ್ಲ, ನೆಲದಿಂದ ಸ್ವಲ್ಪ ಮೇಲಿನ ಗಾಳಿ ಎಂದು ಅವರು ಅಳೆದು ತೋರಿಸಿದರು. ಬಹಳ ಕಾಲ ವಿಜ್ಞಾನಿಗಳು ಅದನ್ನು ನಂಬಲಿಲ್ಲ. ಬೆಂಗಳೂರಿನಲ್ಲಿ ರೊದ್ದಂ ನರಸಿಂಹ ಮತ್ತು ಸಂಗಡಿಗರು 1990ರ ದಶಕದಲ್ಲಿ ಅದಕ್ಕೆ ವಿವರಣೆ ಕೊಟ್ಟರು. ಡಿಸೆಂಬರ್‌ನಲ್ಲಿ ಸಸಿಯ ಟ್ರೇಗಳನ್ನು ಬಯಲಲ್ಲಿ ಮೊಳದೆತ್ತರದ ಸ್ಟ್ಯಾಂಡಿನ ಮೇಲೆ ಜೋಡಿಸುವವರು ಇದನ್ನು ನೆನಪಿಡಬಹುದು.

ಸಂಘಟಕರು ಚೀಟಿ ಕಳಿಸಿದ್ದಾರೆ. ಇನ್ನೊಂದೇ ಸಂಗತಿ. ಪಾಲಿಹೌಸಿಗೆ ಬಳಸುವ 200 ಮೈಕ್ರಾನ್ ಹಾಳೆ ಮೂರು ನಾಲ್ಕು ವರ್ಷ ಬಾಳುತ್ತದೆ. ಮೊದಲು ಹರಿಯುವುದು ಕಾದ ಪೈಪಿಗೆ ತಾಗಿದ ಜಾಗದಲ್ಲಿ. ಆಲಿಕಲ್ಲು ಬಿದ್ದರೆ ಅಷ್ಟೂ ಬಾಳುವುದಿಲ್ಲ. 2014ರ ಫೆಬ್ರವರಿ, ಮಾರ್ಚ್‌ನಲ್ಲಿ ಮಹಾರಾಷ್ಟ್ರದಲ್ಲಿ ಬಿದ್ದ ಆಲಿಕಲ್ಲನ್ನು ಇಲ್ಲಿರುವ ಹಲವರು ಮರೆತಿರಲಾರರು. ಹರಿದ ಹಾಳೆ ಆಮೇಲೆ ಎಲ್ಲಿಗೆ ಹೋಗುತ್ತದೆ? ಬಾಂದಿನ ಮೇಲೆ, ಹಳ್ಳದಲ್ಲಿ, ಕೊನೆಗೆ ಬೆಂಕಿಗೆ. ಇಂದು ಹಾಳೆ ಕೊಳ್ಳುವವರು ಹಳೆಯದನ್ನು ವಾಪಸು ತೆಗೆದುಕೊಳ್ಳುತ್ತೀರಾ ಎಂದು ಮಳಿಗೆಯವರನ್ನು ಒಮ್ಮೆ ಕೇಳಿ. ಅವರು ಹೂಂ ಎನ್ನುವ ತನಕ ನೆಟ್ ಮಾತ್ರ ತನ್ನಿ. ಮೆಂತ್ಯ, ಕೊತ್ತಂಬರಿ, ಪಾಲಕ್‌ಗೆ ಅಷ್ಟು ಸಾಕು. ಜೊತೆಗೆ ಒಂದು ಥರ್ಮಾಮೀಟರ್ ಕೊಂಡು, ಬಿಸಿಲು ಬೀಳದಂತೆ, ಗಿಡದ ತಲೆಯ ಎತ್ತರಕ್ಕೆ ತೂಗುಹಾಕಿ.

ಮಳಿಗೆಗಳು ತೆರೆದಿವೆ.