ಕೆಮೀಲಿಯದ ಮೊಗ್ಗು



ಕೆಮೀಲಿಯವೆಂಬ ಹೂವನ್ನು ನಮ್ಮಲ್ಲಿ ಅನೇಕರು ಕಂಡಿರಲಾರರು. ಆದರೆ ಅದರ ಮನೆತನದ ಪರಿಚಯ ನಮಗೆಲ್ಲರಿಗೂ ದಿನಕ್ಕೆರಡು ಬಾರಿಯಾದರೂ ಆಗುತ್ತಲೇ ಇದೆ. ನಾವು ಕುಡಿಯುವ ಚಹದ ಗಿಡವೂ ಇದೇ ಕುಲಕ್ಕೆ ಸೇರಿದುದು. ತಂಗಿಗೆ ಎಲೆಯಿಂದ ಕೀರ್ತಿ, ಅಕ್ಕನಿಗೆ ಹೂವಿನಿಂದ. ಅಕ್ಕನ ತೌರುಮನೆ ಜಪಾನು, ಕೊರಿಯ, ಚೀನ. ಜಪಾನಿನವರು ಇದನ್ನು ತ್ಸುಬಾಕಿ ಎಂದು ಕರೆಯುವರು.

ಯೂರೋಪಿಗೆ ಬಂದ ಹೊಸತರಲ್ಲಿ ಈ ಗಿಡಕ್ಕೆ ಅತಿಯಾದ ಉಪಚಾರವೇ ಮುಳುವಾಯಿತು. ಇಂಗ್ಲೆಂಡಿನಲ್ಲಿ ೧೭೩೯ರ ಸುಮಾರಿಗೆ ಪೀಟರ್ ಪ್ರಭುವು ಮೊದಲು ಇದನ್ನು ಬೆಳೆಸಿದನು. ಪೂರ್ವದೇಶದ ಗಿಡವಲ್ಲವೆ, ಸೆಕೆ ಬೇಕೆಂದು ಬಗೆದು ಕಾಯಿಸಿದ ಗಾಜಿನ ಮನೆಯಲ್ಲಿಡಲು, ಅವು ಆ ಶಾಖಕ್ಕೇ ಸತ್ತುವೆಂದು ಹೇಳುವರು. ಇದಕ್ಕೆ ಪ್ರತಿಯಾಗಿ ಜರ್ಮನಿಯ ಡ್ರೆಸ್ಡೆನ್ ನಗರದ ಬಳಿ, ಪಿಲ್ನಿಟ್ಸ್ ಅರಮನೆಯ ತೋಟದಲ್ಲಿ, ೧೮೦೧ರಲ್ಲಿ ನೆಲಕ್ಕೆ ನೆಟ್ಟ ಮರವೊಂದು ಇಂದಿಗೂ ಹೂ ಬಿಡುತ್ತಿದೆ. ೧೯೦೫ರ ಚಳಿಗಾಲದಲ್ಲಿ ಅದರ ಹೊದಿಕೆಮನೆಗೆ ಬೆಂಕಿ ಬಿದ್ದಿತು. ಆರಿಸಲು ಎರಚಿದ ನೀರು ಮರದ ಮೇಲೆಯೇ ಹೆಪ್ಪುಗಟ್ಟಿ ಮಂಜಿನ ಕವಚವಾಯಿತು, ಮರ ಉಳಿಯಿತು!

ಮನೆಯಲ್ಲಿ ಕೆಮೀಲಿಯ ಬೆಳೆಸುವವರ ದೂರು ಸಾಮಾನ್ಯವಾಗಿ ಒಂದೇ: ಗಿಡ ಹಸುರಾಗಿದೆ, ಮೊಗ್ಗೂ ತುಂಬಿದೆ, ಆದರೆ ಅರಳುವ ಮುನ್ನವೇ ಉದುರಿಹೋಗುತ್ತದೆ. ಇದಕ್ಕೆ ಕಾರಣವೇನೆಂದರೆ, ಹೂವಿನ ಕೆಲಸ ಈ ಗಿಡದಲ್ಲಿ ಎರಡು ಕಾಲಗಳಲ್ಲಿ ನಡೆಯುತ್ತದೆ. ವಸಂತದ ಚಿಗುರು ಬಲಿತ ಮೇಲೆ, ಹಗಲು ದೀರ್ಘವಾಗಿ ಹವೆ ಬೆಚ್ಚಗಿರುವಾಗ, ರೆಂಬೆಯ ತುದಿಯಲ್ಲಿ ಮೊಗ್ಗು ಹುಟ್ಟುವುದು. ಅದು ಅರಳಲು ಮಾತ್ರ ತಂಪು ಬೇಕು. ಸುಮಾರು ೧೦ ಸೆಂಟಿಗ್ರೇಡ್ ಡಿಗ್ರಿಯ ರಾತ್ರಿಗಳಾದರೆ ಬಹಳ ಹಿತ. ಶೀತದೇಶಗಳಲ್ಲಿ ಮೊಗ್ಗಿನ ಕುಂಡವನ್ನು ಒಲೆ ಉರಿಯುವ ಕೊಠಡಿಗೆ ತಂದಿಡುವವರು ಪೀಟರ್ ಪ್ರಭುವಿನ ದಾರಿಯನ್ನೇ ಹಿಡಿದವರು. ಬೆಳಕಿರುವ, ಬೆಂಕಿಯಿಲ್ಲದ ಮೊಗಸಾಲೆಯೇ ಅದಕ್ಕೆ ತಕ್ಕ ಸ್ಥಳ.

ಇನ್ನು ನೀರಿನ ವಿಷಯ. ಮೊಗ್ಗು ಉದುರುವುದು ಚಳಿಗಾಲದಲ್ಲಾದರೂ, ಅದರ ಬೀಜ ಬಿದ್ದಿರುವುದು ಅನೇಕ ವೇಳೆ ಹಿಂದಿನ ಬೇಸಗೆಯ ಕೊನೆಯಲ್ಲಿ. ಮೊಗ್ಗು ಕಟ್ಟುವಾಗ ಬೇರು ಒಂದೆರಡು ಸಲ ಚೆನ್ನಾಗಿ ಒಣಗಿತೆಂದರೆ, ಗಿಡ ಆಗ ಏನನ್ನೂ ತೋರಗೊಡದು. ತಿಂಗಳುಗಳಾದ ಮೇಲೆ ಲೆಕ್ಕ ತೀರಿಸುವುದು. ಮಣ್ಣು ಯಾವಾಗಲೂ ತೇವವಾಗಿರಲಿ, ಆದರೆ ನೀರು ನಿಲ್ಲದಿರಲಿ. ಸುಣ್ಣ ಇದಕ್ಕೆ ವಿಷಪ್ರಾಯ. ಸುಣ್ಣದ ಅಂಶವುಳ್ಳ ಬಾವಿಯ ನೀರೆರೆದರೆ ಬೇರಿಗೆ ಕಬ್ಬಿಣದ ಅಂಶ ದಕ್ಕದೆ, ನರಗಳು ಹಸುರಾಗಿ ಉಳಿದು ಎಲೆ ಹಳದಿಯಾಗುತ್ತದೆ. ಮಳೆನೀರನ್ನು ಹಿಡಿದಿಡುವುದೇ ಲೇಸು. ಮಣ್ಣಿಗೆ ಎಲೆಗೊಬ್ಬರ ಧಾರಾಳವಾಗಿ ಬೆರೆಯಲಿ. ಬೇರುಗಳು ಮೇಲುಮೇಲಕ್ಕೇ ಹರಡುವುದರಿಂದ ಬುಡವನ್ನು ಆಳಕ್ಕೆ ಹೂಳಬಾರದು, ಗುದ್ದಲಿಯಿಂದ ಕೆದಕಲೂಬಾರದು.

ನೀಲಗಿರಿಯಲ್ಲಿ ಮನೆಯುಳ್ಳವರಿಗೆ ಹವೆಯ ಚಿಂತೆಯಿಲ್ಲ. ಅಲ್ಲಿಯೂ ಹಿಮ ಬೀಳುವ ರಾತ್ರಿಗಳ ಮರುದಿನ ಎಳೆಬಿಸಿಲು ನೇರವಾಗಿ ಮೊಗ್ಗಿಗೆ ತಾಕದಂತೆ ನೋಡಿಕೊಳ್ಳಬೇಕು. ಥಟ್ಟನೆ ಕರಗಿದ ಹಿಮ ದಳಗಳನ್ನು ಕಂದಿಸುವುದು. ಬೆಂಗಳೂರಿನವರಿಗೆ ಭರವಸೆಯ ಮಾತನ್ನು ಹೇಳಲಾರೆನು. ಇಲ್ಲಿನ ಚಳಿಗಾಲದ ರಾತ್ರಿ ೧೫ ಡಿಗ್ರಿಯ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಆದರೂ ಹಟವುಳ್ಳವರು ಸಸಾಂಕ್ವ ಎಂಬ ಜಾತಿಯನ್ನು ಪ್ರಯತ್ನಿಸಬಹುದು. ಹೂ ಸಣ್ಣದು, ದಳ ಬೇಗ ಉದುರುವುದು. ಆದರೆ ಶರತ್ಕಾಲದಲ್ಲೇ ಅರಳುವುದರಿಂದ ಚಳಿಗಾಗಿ ಅಷ್ಟು ಕಾಯದು, ಬಿಸಿಲನ್ನೂ ಹೆಚ್ಚು ಸಹಿಸುತ್ತದೆ.

ದೊಡ್ಡ ಹೂ ಬೇಕಾದವರು ತುದಿಯಲ್ಲಿ ಗುಂಪಾಗಿರುವ ಮೊಗ್ಗುಗಳಲ್ಲಿ ಒಂದನ್ನುಳಿಸಿ ಮಿಕ್ಕವನ್ನು ಚಿವುಟಬೇಕು. ಗುಂಡಗಿರುವುದು ಹೂಮೊಗ್ಗು, ಚೂಪಾಗಿರುವುದು ಎಲೆಯ ಮೊಗ್ಗು. ಚಿವುಟುವ ಮೊದಲು ಕಣ್ಣಿಟ್ಟು ನೋಡತಕ್ಕದ್ದು. ಗೊಬ್ಬರವನ್ನೂ ಕತ್ತರಿಯನ್ನೂ ಹೂ ಮುಗಿದೊಡನೆ, ಹೊಸ ಚಿಗುರು ಹೊರಡುವ ಮುನ್ನವೇ ಬಳಸಬೇಕು. ತಡಮಾಡಿ ಕತ್ತರಿಸಿದರೆ ಮುಂದಿನ ವರ್ಷದ ಮೊಗ್ಗೇ ಕಸದ ಬುಟ್ಟಿಗೆ ಸೇರೀತು.